ಹೋಲಿಕೆಗೆಂದು ಚುಚ್ಚಿದ ಹುಳುಗಳು

ಕೆಂಗೇರಿಯ ನಮ್ಮ ಲ್ಯಾಬಿನಲ್ಲಿ ನನ್ನ ಸೀನಿಯರ್ ಕೂತಿದ್ದನ್ನು ನಾನು ನೋಡಿದ್ದೇ ಕಡಿಮೆ. ಬಸವೇಶ್ವರನಗರದಿಂದ ಸ್ಕೂಟರಿನಲ್ಲಿ ಬಂದವರು ಹೆಲ್ಮೆಟ್ ತೆಗೆಯುವ ಮೊದಲೇ ಹಿಟ್ಟಿನ ಹುಳುಗಳ ಡಬ್ಬಿಯೊಳಗೆ ಇಣುಕುತ್ತಿದ್ದರು. ಆ ಹುಳುಗಳಿಗೆ ಆರ್‌ಎನ್‌ಎ ಚುಚ್ಚಿ ಒಂದು ಜೀನಿನ ಬಾಯಿ ಮುಚ್ಚಿಸುವುದು, ಆಮೇಲೆ ಏನಾಗುತ್ತದೆಂದು ಕಾಯುವುದು, ಅದೇ ಅವರ ಪಿಎಚ್‌ಡಿ. ಯಾರು ಏನೇ ಹೇಳಿದರೂ ಪೆನ್ನಿನ ಕ್ಯಾಪು ತೆಗೆಯುತ್ತಾ ಹಾಕುತ್ತಾ, "ಅದ್ರಿಂದಾನೇ ಅಂತ ಹೇಗ್ ಹೇಳ್ತೀಯಾ?" ಎನ್ನುತ್ತಿದ್ದರು. ಕಾಫಿ ಕುಡಿದು ತಲೆನೋವು ಹೋಯಿತೆಂದರೂ ಅದೇ ಪ್ರಶ್ನೆ.

ಕೊನೆಗೊಮ್ಮೆ ಆ ಹುಳುಗಳಿಟ್ಟ ಮೊಟ್ಟೆ ಒಂದೂ ಒಡೆಯಲಿಲ್ಲ. ಆ ಜೀನ್ ಕೆಲಸ ಮಾಡದಿದ್ದರೆ ಮರಿಯೇ ಇಲ್ಲ ಎಂದು ಗೈಡ್ ಕುಣಿದಾಡಿ ಪೇಡ ತರಿಸಿದರು. ಇದರ ಸಂಶೋಧನಾ ಪೇಪರಿನಲ್ಲಿ ನನ್ನ ಹೆಸರೂ ಬರುವುದಿತ್ತು.

ಸೀನಿಯರ್ ಪೇಡ ಕೈಯಲ್ಲಿ ಹಿಡಿದೇ ಇನ್ನೊಂದು ಡಬ್ಬಿ ನೋಡಿ ಬಂದರು. ಅದರಲ್ಲಿದ್ದವು, ಹೋಲಿಕೆಗೆಂದು ಯಾವ ಜೀನಿಗೂ ಸಂಬಂಧವಿಲ್ಲದ ಆರ್‌ಎನ್‌ಎ ಚುಚ್ಚಿದ ಹುಳುಗಳು.

"ಇವುಗಳ ಮೊಟ್ಟೇನೂ ಒಡೆದಿಲ್ಲ ಸಾರ್. ಸೂಜಿ ಚುಚ್ಚಿದ್ದಕ್ಕೇ ಹೀಗಾಗಿರ್ಬೋದು."

"ಈಗ್ಲೇ ಯಾಕಮ್ಮ ಅದನ್ನ ನೋಡಕ್ಕೆ ಹೋದೆ?" ಎಂದರು ಗೈಡ್.

ಸೀನಿಯರ್ ಪೇಡವನ್ನು ಪೆಟ್ಟಿಗೆಯಲ್ಲಿ ವಾಪಸ್ಸಿಟ್ಟು, ಜರಡಿ ತೆಗೆದುಕೊಂಡು, ಹಿಟ್ಟಿನಿಂದ ಹೊಸ ಹುಳುಗಳನ್ನು ಬೇರ್ಪಡಿಸತೊಡಗಿದರು.

ನನ್ನ ಬಾಯಲ್ಲಿ ಪೇಡ ಆಗಲೇ ಅರ್ಧ ಕರಗಿತ್ತು.