ಅಕ್ಕನ ಮೆಣಸಿನ ಬೀಜ

ಒಗ್ಗರಣೆಗೆ ಒಂದೇ ಒಂದು ಮೆಣಸಿನಕಾಯಿ ಮುರಿದು ಹಾಕಿದೆ, ನೋಡಿ. ಪಕ್ಕದ ಮನೆಯವರೂ ಕೆಮ್ಮತೊಡಗಿದರು. ಹೋದ ತಿಂಗಳವರೆಗೆ ಆ ಕೆಮ್ಮು ನನಗೆ ಬಹುಮಾನದಂತೆ ಕೇಳುತ್ತಿತ್ತು.

ಬೀಜ ನನ್ನಕ್ಕನದು. ತೊಂಬತ್ತರ ದಶಕದಲ್ಲಿ ಮೈಸೂರಿನ ಹಾಸ್ಟೆಲಿನಿಂದ ಶನಿವಾರ ಹೊರಟು, ನರಸೀಪುರದಲ್ಲಿ ಬಸ್ಸು ಬದಲಿಸಿ, ಹೆಮ್ಮಿಗೆಯ ಅವಳ ಮನೆ ಸೇರುತ್ತಿದ್ದೆ. ಒಲೆಯ ಪಕ್ಕದಲ್ಲೇ ಕೂರಿಸಿ ಮುದ್ದೆ, ಹಿತ್ತಲ ಮೆಣಸಿನಕಾಯಿಯ ಚಟ್ನಿ ಬಡಿಸುತ್ತಿದ್ದಳು. ನನ್ನ ಕಣ್ಣಲ್ಲಿ ಧಾರಾಕಾರ ನೀರು. "ಎಂ.ಎಸ್ಸಿ. ಓದೋನು ಅಳ್ತಾ ಕೂತವ್ನೆ ನೋಡ್ರಪ್ಪ" ಎಂದು ನಗುತ್ತಿದ್ದಳು. ಯಾವುದನ್ನೂ ನಂಬದಿರುವುದನ್ನೇ ವಿದ್ಯೆ ಎಂದುಕೊಂಡಿದ್ದ ನಾನು ಆ ಖಾರವನ್ನು ಮಾತ್ರ ನಂಬಿದೆ.

ಅಕ್ಕ ತೀರಿಕೊಂಡ ಮೇಲೆ, ಅಡುಗೆಮನೆಯ ಮೊಳೆಯಲ್ಲಿ ತೂಗುತ್ತಿದ್ದ ಒಣಮೆಣಸಿನಕಾಯಿಯ ಗೊಂಚಲನ್ನು ಕೇಳಿ ತಂದೆ. ಅವಳದೆಂದು ನನಗೆ ಉಳಿದದ್ದು ಅದೊಂದೇ. ನಂಜನಗೂಡಿನ ನನ್ನ ತಾರಸಿಗೆ ಬಿಸಿಲಿನ ಕೊರತೆಯಿಲ್ಲ. ಕುಂಡಗಳಲ್ಲಿ ಗಿಡ ಹುಲುಸಾಗಿ ಬಂತು. ಆದರೆ ಕಾಯಿ ಸಪ್ಪೆ. ಒಂದೆರಡು ಗಿಡದಲ್ಲಷ್ಟೇ ತುಸು ಖಾರ. ಅಕ್ಕನ ಕಾಯಿ ಹೀಗಿರಲು ಸಾಧ್ಯವೇ? ತಪ್ಪು ಬೆಳೆಸಿದವನದೇ ಎಂದು ಓದಿದ್ದನ್ನೆಲ್ಲ ಪ್ರಯೋಗಿಸಿದೆ. ಅಕ್ಕ ದಿನವೂ ನೀರು ಸುರಿಯುತ್ತಿದ್ದಳು. ನೀರು ಕಡಿಮೆಯಾದಷ್ಟೂ ಖಾರ ಹೆಚ್ಚು ಎಂದು ಓದಿದ್ದ ನಾನು, ಗಿಡ ಹೂ ಬಿಡುವಾಗ ಎಲೆ ಜೋಲುವವರೆಗೂ ನೀರು ತಡೆದೆ. ಪ್ರತಿ ಬೆಳೆಯಲ್ಲೂ ಕಾಯಿ ಕಚ್ಚಿ ನೋಡಿ, ಅತಿ ಖಾರದ್ದರ ಬೀಜ ಇಟ್ಟುಕೊಂಡು, ಸಪ್ಪೆ ಗಿಡಗಳನ್ನು ಕಿತ್ತೆಸೆದೆ. ವರ್ಷದಿಂದ ವರ್ಷಕ್ಕೆ ಖಾರ ಏರಿತು. ಅಕ್ಕ ಹತ್ತಿರ ಬರುತ್ತಿದ್ದಾಳೆ ಅನ್ನಿಸುತ್ತಿತ್ತು.

ಹೋದ ತಿಂಗಳು ಹೆಮ್ಮಿಗೆಗೆ, ಬಾವನಿಗೆಂದು ಒಂದು ಚೀಲ ಕಾಯಿ ಒಯ್ದೆ. ಬಾವ ಒಂದನ್ನು ಕಚ್ಚಿ ಉಗಿದು, ಚೊಂಬು ನೀರು ಕುಡಿದರು.

"ಇದ್ಯಾವ್ ಬೀಜನಪ್ಪ, ಪ್ರಾಣ ತೆಗೀತದಲ್ಲ!"

"ಅಕ್ಕಂದೇ, ಬಾವ."

"ಅವ್ಳದಾ? ಅವ್ಳ್ ಕಾಯಿ ಬರೀ ಸಪ್ಪೆ ಕಣಯ್ಯ. ನಿಂಗೆ ಖಾರ ಆಗಾಕಿಲ್ಲ ಅಂತ ಸಪ್ಪೆ ಗಿಡದ್ ಬೀಜನೇ ಆರ್ಸಿ ಮಡಗೋಳು. ನಾನು ಅಂಗ್ಡಿ ಪುಡಿ ಉದುರಿಸ್ಕಂಡು ಉಣ್ತಿದ್ದೆ."

"ಮತ್ತೆ ನಾನು ಅಳ್ತಿದ್ದದ್ದು?"

"ಅಸಿ ಸೌದೆ ಒಗೆ ಕಣೋ! ಆಸ್ಟೆಲ್‌ನೋನು ಒಲೆ ಮುಂದೆ ಕೂತ್ರೆ ಕಣ್ಣುರೀದೆ ಇನ್ನೇನಾಯ್ತದೆ?" ಬಾವ ನಕ್ಕರು. ನನಗೆ ನಗು ಬರಲಿಲ್ಲ.

ಬಾವನದೂ ನೆನಪೇ ತಾನೆ, ಅದನ್ನೇಕೆ ನಂಬಬೇಕು ಎಂದು ಬಸ್ಸಿನುದ್ದಕ್ಕೂ ವಾದಿಸಿಕೊಂಡೆ. ಆದರೆ ಮೊದಲ ವರ್ಷದ ಆ ಸಪ್ಪೆ ಕಾಯಿ? ಅದನ್ನು ನಾನೇ ಕಚ್ಚಿದ್ದೆ. ನಾನೇ ಎಸೆದಿದ್ದೆ.

ಈಗ ಒಲೆ ಆರಿಸಿ ತಾರಸಿಗೆ ಬಂದೆ. ಎಲ್ಲಾದರೂ ಒಂದು ಸಪ್ಪೆ ಗಿಡ ಉಳಿದಿರಬಹುದೆಂದು ಒಂದೊಂದೇ ಕುಂಡದ ಕಾಯಿ ಕಚ್ಚುತ್ತ ಹೋದೆ. ಎಲ್ಲವೂ ಬೆಂಕಿ. ಕೊನೆಯ ಕುಂಡದ ಹೊತ್ತಿಗೆ ನಾಲಿಗೆ ಮರಗಟ್ಟಿತ್ತು. ಅಕ್ಕನ ಕಾಯಿ ಸಿಕ್ಕಿದ್ದರೂ ನನಗಿನ್ನು ಗೊತ್ತಾಗುತ್ತಿರಲಿಲ್ಲ.