ಕೆಂಪಕ್ಕನ ಹಗೇವಿಗೆ ಹೋದ ಪೈಪು

ಆಗ ನಮ್ಮೂರಿಗೆಲ್ಲ ಕಕ್ಕಸು ಅಂತ ಇದ್ದದ್ದು ನಮ್ಮ ಮನೇಲಿ ಒಂದೇ. ಉಳಿದೋರೆಲ್ಲ ಚೊಂಬು ಹಿಡ್ಕೊಂಡು ಕೆರೆ ಅಂಗಳಕ್ಕೆ ಹೋಗೋರು. ಇದನ್ನ ಓದೋ ನೀವೂ ಹೋಗಿರ್ತೀರ, ನಾಚ್ಕೆ ಏನಿಲ್ಲ. ನಮ್ಮದು ಹಿತ್ತಲ ತುದೀಲಿ, ತಿಪ್ಪೆ ಪಕ್ಕ ಇತ್ತು. ಅಜ್ಜಿ ಬಿದ್ದು ಸೊಂಟ ಮುರ್ಕೊಂಡ ಮೇಲೆ ಅಲ್ಲೀತನಕ ತೆವಳ್ಕೊಂಡು ಹೋಗ್ತಿದ್ಲು. ಅದನ್ನ ನೋಡಕ್ಕಾಗ್ದೆ ತಾತ, ಬಚ್ಚಲು ಮನೆ ಒಡೆಸಿ ದೊಡ್ಡದು ಮಾಡಿ, ಕಕ್ಕಸನ್ನ ಅದರೊಳಕ್ಕೇ ತರಿಸ್ತೀನಿ ಅಂದ. ನಂಗಾಗ ಹತ್ತು ವರ್ಷ ಇರ್ಬೇಕು.

ಪುರವರದಿಂದ ಗಾರೆಯೋನು ಬಂದ. ಬೇಸಿನ್ನು ಕಿತ್ತು ತಂದು ಕೂರಿಸಿದ್ದು ಒಂದೇ ದಿನ. ತಕರಾರೆಲ್ಲ ಪೈಪಿಂದು. ಹಳೇ ಗುಂಡಿ ಎತ್ತರದಲ್ಲಿತ್ತು, ಬಚ್ಚಲು ತಗ್ಗಲ್ಲಿ.

"ಹೇಲು ಮೇಲಕ್ಕೆ ಹತ್ತಲ್ಲ ಯಜಮಾನ್ರೆ. ಇತ್ಲಾಗೆ ಹೊಸ ಗುಂಡಿ ತೋಡ್ಬೇಕು."

ತೋಡಿದ್ರೆ ಎರಡಡಿಗೇ ಬಂಡೆ. ಮಧುಗಿರಿ ಕಡೆ ನೆಲ ಗೊತ್ತಲ್ಲ. ಮೂರು ದಿನ ಸುತ್ತಿಗೆ ಹೊಡೆದು ಅವನ ಕೈಯೆಲ್ಲ ಬೊಬ್ಬೆ. ನಾಲ್ಕನೇ ದಿನ ಪಕ್ಕದ ಮನೆ ಕೆಂಪಕ್ಕನ ಗೋಡೆ ಹತ್ರ ಹಾರೆ ಹಾಕಿದ್ರೆ ಪುಸಕ್ಕಂತ ಒಳಕ್ಕೆ ಹೋಯ್ತು.

"ಹಗೇವು ಬುಡಿ. ದೇವ್ರೇ ಗುಂಡಿ ತೋಡಿಟ್ಟವ್ನೆ" ಅಂದ.

ಹಗೇವು ಅಂದ್ರೆ ರಾಗಿ ತುಂಬಿಡೋ ನೆಲದೊಳಗಿನ ಗುಂಡಿ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಸುತ್ತ ಹುಲ್ಲು ಕೊಟ್ಟು ರಾಗಿ ಸುರಿದು ಬಾಯಿ ಮುಚ್ಚೋದು. ನಮ್ಮ ಮುತ್ತಾತನ ಹಾಳು ಹಗೇವೊಂದು ಹಿತ್ತಲಲ್ಲಿ ಎಲ್ಲೋ ಐತೆ ಅಂತ ಮನೇಲಿ ಹೇಳೋರು. ಎಲ್ಲಿ ಅಂತ ಯಾರಿಗೂ ಗೊತ್ತಿರಲಿಲ್ಲ. ಇದು ಅದೇ ಅಂದ್ಕೊಂಡ ತಾತ.

ಹಾರೆ ಎಳೆದಾಗ ತುದೀಲಿ ಹುಲ್ಲು ಸಿಕ್ಕಾಕೊಂಡಿತ್ತು. ಹಳದಿ ಹುಲ್ಲು, ಇನ್ನೂ ಕಣದ ವಾಸನೆ.

ನಂಗೆ ಗೊತ್ತಾಗೋಯ್ತು. ಆ ಸುಗ್ಗೀಲಿ ಕೆಂಪಕ್ಕ ನನ್ನ ಸೊಂಟಕ್ಕೆ ಹಗ್ಗ ಕಟ್ಟಿ ಅವಳ ಹಗೇವಿಗೆ ಇಳಿಸಿದ್ಲು, ಗುಡಿಸಕ್ಕೆ. ಒಳಗೆ ಕೆಟ್ಟ ಗಾಳಿ ಐತಾ ಅಂತ ಮೊದ್ಲು ಲಾಟೀನು ಇಳಿಸಿ, ಅದು ಆರಲಿಲ್ಲ ಅಂದ್ಮೇಲೆ ನನ್ನ. ಒಳಗೆ ಗುಡಿಸ್ತಿದ್ರೆ ತಲೆ ಮೇಲೆ ದಬ್ ದಬ್ ಅಂತ ನಮ್ಮನೆ ಒನಕೆ ಸದ್ದು. ಅದರ ಹೊಟ್ಟೆ ನಮ್ಮ ಹಿತ್ತಲಿಗೇ ಬಂದೈತೆ ಅಂತ ಆಗ್ಲೇ ತಿಳಿದಿತ್ತು.

"ತಾತ, ಇದು ನಮ್ದಲ್ಲ. ಕೆಂಪಕ್ಕಂದು."

"ಅವಳದು ಗೋಡೆ ಆಚೆ ಐತೆ ಕಣಮ್ಮಿ. ಇಲ್ಲಿಗೆಂಗೆ ಬರ್ತದೆ?"

"ಒಳಗಿಂದ ಬಂದೈತೆ. ಹುಲ್ಲು ನೋಡು."

ತಾತ ಹುಲ್ಲನ್ನ ಬೆರಳಲ್ಲಿ ತಿರುವಿದ. ಮೂಸಿದ. ಒಳಗೆ ಅಜ್ಜಿ ನರಳ್ತಿದ್ಲು. ಹುಲ್ಲು ಬಿಸಾಕಿ, "ಇಕ್ಕಪ್ಪ ಪೈಪು" ಅಂದ.

ಹೊಸ ಕಕ್ಕಸಲ್ಲಿ ಕೂತೆದ್ದ ಅಜ್ಜಿ, "ಮೈಸೂರು ರಾಣಿಗೂ ಇಂಗಿರಕ್ಕಿಲ್ಲ ಕಣಮ್ಮಿ" ಅಂತ ನಕ್ಕಳು. ನಾವೂ ನಕ್ಕೆವು.

ಯುಗಾದಿ ಮುಂದೆ ಕೆಂಪಕ್ಕ ಹಗೇವು ತೆಗೆದಳು. ಲಾಟೀನು ಇಳಿಸಿದ ಕೂಡ್ಲೇ ಆರಿಹೋಯ್ತು. ಆಮೇಲೆ ವಾಸನೆ ಬಂತು. ಬೀದಿಗೆ ಬೀದಿಯೇ ಮೂಗಿಗೆ ಸೆರಗು ಹಿಡ್ಕೊಂಡು ನಿಂತಿತ್ತು. ಯಾರನ್ನೂ ಇಳಿಸದೆ ಹಗ್ಗ ಕಟ್ಟಿ ಎಳೆದ ಮೊದಲ ಮಂಕರೀಲಿ ಮೇಲಕ್ಕೆ ಬಂದದ್ದು ರಾಗಿ ಅಲ್ಲ, ಕಪ್ಪಗೆ ಮುದ್ದೆ ಕಟ್ಟಿದ ಗೊಬ್ಬರ. ಗಂಡ ಸತ್ತ ಹೆಂಗಸು, ಐದು ಮಕ್ಕಳು, ವರ್ಷದ ಕೂಳು. ಅವಳು ಬಾಯಿ ಬಡ್ಕೊಳ್ಳಲಿಲ್ಲ. ಅಲ್ಲೇ ಕುಕ್ಕರಿಸಿ, ನಮ್ಮ ತಾತನ್ನ ಕೇಳಿದ್ಲು.

"ನಿಮ್ಮನೇಲಿ ಯಾರಿಗೂ ತಿಳೀಲಿಲ್ವೆ ಯಜಮಾನ್ರೆ?"

"ಯಾರಿಗೂ ಇಲ್ಲ ಕಣಮ್ಮ" ಅಂದ ತಾತ.

ಕಣ್ಣು ಪಿಳುಕಿಸಲಿಲ್ಲ. ಕಟ್ಟೆ ಮೇಲೆ ಕೂತು ಊರಿಗೆ ನ್ಯಾಯ ಹೇಳ್ತಿದ್ದ ಮನುಷ್ಯ. ನಾನು ಹೇಳಿದ್ದನ್ನ ಕೇಳಿಸ್ಕೊಂಡೋನೇ ಸುಳ್ಳು ಹೇಳಿದ. ಆ ಗೊಬ್ಬರ ಕಂಡಾಗಲೂ ನಂಗೆ ಅಷ್ಟು ಹೇಸಿಗೆ ಆಗಿರಲಿಲ್ಲ. ಕೆಂಪಕ್ಕ, ಆ ಹಗೇವಿಗಿಳಿದು ಗುಡಿಸಿದ್ದ ನನ್ನ ಕಡೆ ತಿರುಗಿ ನೋಡ್ತಾನೇ ಇದ್ಲು. ನಾನು ನೆಲ ನೋಡ್ದೆ.

ತಾತ ನಮ್ಮ ರಾಗೀಲಿ ಅರ್ಧ ಅವಳ ಮನೆಗೆ ಹೊರಿಸಿದ. ಅವಳು ಬೇಡ ಅನ್ನಲಿಲ್ಲ, ಮಕ್ಕಳಿದ್ರು. ಹಗೇವಿಗೆ ಕಲ್ಲು ತುಂಬಿಸಿಬಿಟ್ಲು. ನನ್ನ ಹೆಸರು ಹಿಡಿದು ಮತ್ತೆ ಯಾವತ್ತೂ ಕರೀಲಿಲ್ಲ.

ಈಗ ನಮ್ಮ ಕಡೆ ಹಗೇವು ತೆಗೆಯೋರಿಲ್ಲ. ರೂಮಿಗೊಂದು ಕಕ್ಕಸು. ನಂಗೂ ಮಂಚದ ಪಕ್ಕಕ್ಕೇ ಒಂದೈತೆ, ಸುಖವಾಗೈತೆ. ಹಳೇ ಕಾಲ ಚೆಂದ ಅಂತ ನಾನೇನೂ ಅನ್ನಲ್ಲ. ಆದ್ರೆ ತಾತ ಆ ಸುಳ್ಳು ಹೇಳೋತನಕ ಅವನು ಏನಂದ್ರೂ ನಿಜ ಅಂದ್ಕೊಂಡಿದ್ದೆ. ಅಂಗೆ ಆಮೇಲೆ ಯಾರನ್ನೂ ನಂಬಲಿಲ್ಲ. ಕಟ್ಕೊಂಡ ಗಂಡನ್ನೂ ಇಲ್ಲ. ಅವನು ಒಳ್ಳೇನೇ, ಪಾಪ.