ಮಹಡಿಯ ಮೇಲೆ ಬಿದ್ದ ಮಳೆ ಯಾರದು?

“ಆ ನೀರು ನಮ್ಮದಲ್ಲ ಸರ್, ಮೇಲಿನವರದ್ದು,” ಎಂದರು ಇಬ್ರಾಹಿಂ. ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡು, ಆ ನೀರಿನಲ್ಲಿಯೇ ನಿಂತು ಹೇಳಿದರು.

ಮಳೆನೀರಿಗೂ ಒಡೆಯರಿರುತ್ತಾರೆಂದು ನನಗೆ ತಿಳಿದದ್ದು ಕಳೆದ ವಾರ. ದೋಹಾದಲ್ಲಿ ಒಂದು ರಾತ್ರಿ ಹಿಡಿದ ಮಳೆ ಮರುದಿನ ಸಂಜೆಯವರೆಗೂ ಬಿಡಲಿಲ್ಲ. ಇಲ್ಲಿ ಮಳೆ ಬಂದರೆ ಮೊದಲು ವೀಡಿಯೊ, ಆಮೇಲೆ ನೀರುಳ್ಳಿ ಬಜ್ಜಿ. ಚರಂಡಿಯ ನೆನಪಾಗುವುದು ಕಟ್ಟಕಡೆಗೆ.

ನಾವಿರುವುದು ನಡುವೆ ಗೋಡೆಗಳನ್ನೆಬ್ಬಿಸಿ ಮೂರು ಪಾಲು ಮಾಡಿದ ಹಳೆಯ ವಿಲ್ಲಾದಲ್ಲಿ. ಮುಂಭಾಗದಲ್ಲಿ ನಾನು, ನನ್ನ ಹೆಂಡತಿ. ಮಹಡಿಯಲ್ಲಿ ಮೂಲ್ಕಿ ಕಡೆಯ ಸದಾನಂದ, ಶಿಪ್ಪಿಂಗ್ ಆಫೀಸಿನವರು. ಹಿಂಭಾಗದಲ್ಲಿ ಉಳ್ಳಾಲದ ಇಬ್ರಾಹಿಂ. ದೋಹಾ ಅಲ್ ಜದೀದಾದಲ್ಲಿ ಅವರದೊಂದು ಸ್ಪೇರ್ ಪಾರ್ಟ್ಸ್ ಅಂಗಡಿ. ಅವರ ಪತ್ನಿ ಜೊಹರಾ ಮನೆಯಲ್ಲಿಯೇ ಬಟ್ಟೆ ಹೊಲಿಯುತ್ತಾರೆ. ಅಂಗಳದ ಇಳಿಜಾರು ಅವರ ಬಾಗಿಲ ಕಡೆಗೆ. ತಾರಸಿಯ ಕೊಳವೆ ನೀರು ಸುರಿಯುವುದೂ ಅಲ್ಲಿಗೇ. ಮಧ್ಯಾಹ್ನದ ಹೊತ್ತಿಗೆ ನೀರು ಅವರ ಹೊಸ್ತಿಲು ದಾಟಿತ್ತು. ಒಳಗಿನ ಹೊಲಿಗೆ ಕೋಣೆಯಲ್ಲಿ ಒಂದು ಮದುವೆಯ ಅಷ್ಟೂ ಉಡುಪುಗಳಿದ್ದವು. ಶುಕ್ರವಾರ ಮದುವೆ.

ಮಾಲೀಕರ ಏಜೆಂಟನಿಗೆ ಫೋನ್ ಮಾಡಿದೆವು. ಕಾಂಪೌಂಡಿನ ಒಳಗಿನ ನೀರು ಬಾಡಿಗೆದಾರರದೇ, ಟ್ಯಾಂಕರ್ ತರಿಸಿ ಹೀರಿಸಿಕೊಳ್ಳಿ, ಖರ್ಚನ್ನು ನೀವೇ ಹಂಚಿಕೊಳ್ಳಿ ಎಂದು ಹೇಳಿ, “ಖಲಾಸ್” ಎಂದು ಇಟ್ಟುಬಿಟ್ಟ. ಹಂಚಿಕೊಳ್ಳುವುದು ಹೇಗೆ?

ನೀರು ಬಂದದ್ದು ಮಹಡಿಯಿಂದ, ಆದ್ದರಿಂದ ಖರ್ಚು ಮಹಡಿಯವರದು ಎಂಬುದು ಇಬ್ರಾಹಿಂ ವಾದ. ಮಳೆಯನ್ನು ತಾವೇನು ಕರೆದಿರಲಿಲ್ಲ ಎಂದರು ಸದಾನಂದ. ಮೇಲಾಗಿ ಊರಿನ ಕಟ್ಟಳೆಯೇ ಉಂಟಲ್ಲ, ಮೇಲಿನ ಗದ್ದೆಯ ನೀರಿಗೆ ಕೆಳಗಿನ ಗದ್ದೆ ದಾರಿ ಬಿಡಬೇಕು.

“ಎಂತ ಗದ್ದೆ ಮಾರಾಯ್ರೆ? ಮಳೆಗಾಲಕ್ಕೆ ಮೊದಲು ತೋಡು ಬಿಡಿಸಲಿಕ್ಕೆ ಮೇಲಿನವರೂ ಹಾರೆ ಹಿಡ್ಕೊಂಡು ಇಳೀಬೇಕು. ನೀವು ಯಾವಾಗ ಇಳಿದದ್ದು?”

ಗದ್ದೆಗೆ ಕಾಲಿಡದೆ ಇಪ್ಪತ್ತು ವರ್ಷವಾದ ಇಬ್ಬರು, ಮರಳುಗಾಡಿನಲ್ಲಿ ನಿಂತು ಗದ್ದೆಯ ನ್ಯಾಯ ಹೇಳುತ್ತಿದ್ದರು. ಅವರ ಬೆನ್ನ ಹಿಂದೆ ಜೊಹರಾ ಬಟ್ಟೆಯ ಗಂಟುಗಳನ್ನು ಒಂದೊಂದಾಗಿ ಮಂಚದ ಮೇಲೆ ಏರಿಸುತ್ತಿದ್ದರು.

ನನ್ನನ್ನು ಯಾರೂ ಕೇಳಲಿಲ್ಲ. ಕೇಳುವ ಪದ್ಧತಿಯೂ ಇಲ್ಲ. ನಾನು ಚಳ್ಳಕೆರೆಯವನು; ಕರಾವಳಿಯವರ ಪಾಲಿಗೆ ಘಟ್ಟದ ಮೇಲಿನವನು. (ಹಿಂದೆ ಆದ ಸದಾನಂದರ ಮಗಳ ಮದುವೆಯ ಕರೆಯೂ ನನಗೆ ವಾಟ್ಸಾಪಿನಲ್ಲಿಯೇ ಬಂದದ್ದು. ಒಂದೇ ಮೆಟ್ಟಿಲಸಾಲು ಇಳಿದು ಬಂದು ಹೇಳಬಹುದಿತ್ತು. ಇರಲಿ.)

ಈ ಮನೆಗೆ ಬಂದ ಹೊಸತರಲ್ಲಿ, ಒಂದು ಶುಕ್ರವಾರ, ಇದೇ ಇಬ್ಬರು ಬಕೆಟ್ಟಿನಲ್ಲಿ ಸಿಮೆಂಟು ಕಲಸಿಕೊಂಡು ಹಿಂಗೋಡೆಯ ಹತ್ತಿರ ಕುಳಿತಿದ್ದರು. ಗೋಡೆಯ ಬುಡದಲ್ಲಿ ಅಂಗೈಯಗಲದ ಒಂದು ತೂತು. ಅಂಥ ತೂತು ಕಂಡರೆ ಕರಾವಳಿಯವರಿಗೆ ಮೊದಲು ನೆನಪಾಗುವುದು ಹಾವು. ಕಟ್ಟಿದವರು ಅದನ್ನು ಏನಕ್ಕೋ ಬಿಟ್ಟಿರಬಹುದು, ಮುಚ್ಚಬೇಡಿ ಎಂದು ನಾನು ಹೇಳಿದೆ. ಸದಾನಂದ ನಕ್ಕರು.

“ಘಟ್ಟದ ಮೇಲಿನವರಿಗೆ ಹಾವೂ ಗೊತ್ತಿಲ್ಲ, ಮಳೆಯೂ ಗೊತ್ತಿಲ್ಲ. ನೀವು ಚಾ ಕುಡೀರಿ ಸರ್.”

ಕುಡಿದೆ. ಸಕ್ಕರೆ ಹೆಚ್ಚಾಗಿತ್ತು. ಆ ಚಹಾ ಅಂದೇ ಜೀರ್ಣವಾಯಿತು; ಆ ಮಾತು ಇಂದಿಗೂ ಆಗಿಲ್ಲ.

ಆದ್ದರಿಂದ ಕಳೆದ ವಾರ ನಾನು ಮಾತಾಡಲಿಲ್ಲ. ಮಳೆ ಬಲ್ಲವರು ಮೊದಲು ಮಾತಾಡಲಿ. ಅವರು ಆಡಿದರು. ಗದ್ದೆಯ ನ್ಯಾಯ ಮುಗಿದು, ಯಾರ ಮನೆಗೆ ಯಾರು ಇನ್ನು ಕಾಲಿಡುವುದಿಲ್ಲ ಎಂಬಲ್ಲಿಗೆ ಬಂದಾಗ, ಆ ತೂತು ಇದ್ದ ಜಾಗದಲ್ಲಿ ಈಗ ಗೋಡೆಗೆ ತಾಗಿ ನಿಂತಿದ್ದ, ಬಸಳೆ ಬಳ್ಳಿ ನೆಟ್ಟ ಡ್ರಮ್ಮಿನ ಕಡೆಗೆ ನಾನು ಬೆರಳು ತೋರಿಸಿದೆ. ಸಿಮೆಂಟು ಕಲಸಿದವರಾರು, ಮೆತ್ತಿದವರಾರು, ನನಗೆ ಚಹಾ ಕುಡಿಯಲು ಹೇಳಿದವರಾರು, ಎಲ್ಲವನ್ನೂ ಕ್ರಮವಾಗಿ ಹೇಳಿದೆ.

ಇಬ್ರಾಹಿಂ ಸದಾನಂದರನ್ನು ನೋಡಿದರು. ಸದಾನಂದ ಬಸಳೆಯನ್ನು ನೋಡಿದರು. ಆಮೇಲೆ ಅಂದು ಮೊದಲ ಬಾರಿಗೆ ಇಬ್ಬರೂ ಒಂದಾದರು:

“ಆಗಲೇ ನೀವು ಸ್ವಲ್ಪ ಗಟ್ಟಿಯಾಗಿ ಹೇಳ್ಬೇಕಿತ್ತು ಸರ್.”

ಡ್ರಮ್ ಸರಿಯಿತು. ಉಳಿ, ಸುತ್ತಿಗೆ ಬಂದವು. ತೂತು ಬಾಯಿ ಬಿಟ್ಟೊಡನೆ ಅಂಗಳದ ನೀರು ಗೊಳಗೊಳನೆ ಹಿಂದಿನ ಖಾಲಿ ಜಾಗಕ್ಕೆ ಹರಿಯತೊಡಗಿತು. ಟ್ಯಾಂಕರಿನ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಇಷ್ಟು ವರ್ಷಗಳಲ್ಲಿ ಈ ಅಂಗಳದಲ್ಲಿ ಒಂದು ಹಾವೂ ಕಂಡಿಲ್ಲ. ಊರಿನ ಭಯಕ್ಕೆ ವೀಸಾ ಬೇಕಿಲ್ಲ. ನಮ್ಮ ಜೊತೆಯಲ್ಲಿಯೇ ವಿಮಾನವಿಳಿದು ಬಂದು, ಕಂಡ ತೂತುಗಳನ್ನೆಲ್ಲ ಮುಚ್ಚುತ್ತದೆ. ನೀರು ಎಲ್ಲಿಗೆ ಹೋಗಬೇಕು ಎಂದು ಕೇಳುವ ಮೊದಲು ಅದು ಯಾರದು ಎಂದು ಕೇಳುವುದು ನಾವು ಊರಿನಿಂದ ಹೊತ್ತು ತಂದ ಇನ್ನೊಂದು ಸಾಮಾನು.

ಸಂಜೆ ಮಳೆ ಬಿಟ್ಟ ಮೇಲೆ ಜೊಹರಾ ಮದುಮಗಳ ಲಂಗವನ್ನು ಹೊರಗೆ ತಂದು ಹಗ್ಗದ ಮೇಲೆ ಹರವಿದರು. ತಳದ ಗಂಟಿನಲ್ಲಿ ಇದ್ದದ್ದು ಅದು. ಕೆಂಪಂಚಿನ ಬಣ್ಣ ಬಿಟ್ಟು, ಕೆನೆಬಣ್ಣದ ರೇಷ್ಮೆಯ ತುಂಬ ಹಬ್ಬಿತ್ತು. ಅವರು ಯಾರನ್ನೂ ಬಯ್ಯಲಿಲ್ಲ. ತೂತು ಮುಚ್ಚಬೇಡಿ ಎಂದು ನಾನು ಅಂದೇ ಹೇಳಿದ್ದೆ ಎಂಬುದನ್ನು ಅವರಿಗೂ ತಿಳಿಸುವುದು ನ್ಯಾಯವೆನಿಸಿತು. ತಿಳಿಸಿದೆ.

ಅವರು ಹಗ್ಗಕ್ಕೆ ಕ್ಲಿಪ್ಪು ಹಾಕುತ್ತಲೇ ಕೇಳಿದರು.

“ಅಷ್ಟು ಹಳೇ ಮಾತು ನಿಮಗೆ ನೆನಪುಂಟಲ್ಲ ಸರ್. ಹಾಗಾದ್ರೆ ಮಧ್ಯಾಹ್ನವೇ ಯಾಕೆ ಹೇಳ್ಲಿಲ್ಲ?”

ಈ ಮನೆಯಲ್ಲಿ ನನಗಾದ ಅವಮಾನಗಳೆಲ್ಲ ನನಗೆ ಸಾಲಾಗಿ ನೆನಪಿವೆ. ಇದನ್ನು ಆ ಸಾಲಿಗೆ ಸೇರಿಸುವ ಹಕ್ಕು ನನಗಿದೆಯೇ?